ಗ್ಯಾಸಿನ ಮೀಟರ್ ಜೋಡಿಸಿದ ಗುರುವಾರ

ಆ ಮಧ್ಯಾಹ್ನ ನನಗೆ ಒಪ್ಪಿಸಿದ್ದ ಕೆಲಸ ಒಂದೇ: ಕಾರಿನ ಹತ್ತಿರ ಯಾರೂ ಬೆಂಕಿ ತರದಂತೆ ನೋಡಿಕೊಳ್ಳುವುದು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಸಿಂಧನೂರಿನ ಕಾಲೇಜೊಂದರಲ್ಲಿ ವರ್ಷವರ್ಷವೂ ದಹನಕ್ರಿಯೆಯ ಪಾಠ ಹೇಳುವ ನನಗೆ ಅದೊಂದು ಕೆಲಸ ಅಂತಲೇ ಅನ್ನಿಸಿರಲಿಲ್ಲ.

ನನ್ನ ಮನೆ ಲಿಂಗಸುಗೂರಿನಲ್ಲಿ. ದಿನಾ ಮಸ್ಕಿ ದಾಟಿ ಸಿಂಧನೂರಿಗೆ ಹೋಗಿಬರಲು ಒಂದು ಹಳೆಯ ಪೆಟ್ರೋಲ್ ಕಾರು ತಗೊಂಡು ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿದ್ದೆ. ಡಿಕ್ಕಿಯಲ್ಲಿ ಸಿಲಿಂಡರ್, ಸ್ಟೇರಿಂಗ್ ಪಕ್ಕದಲ್ಲಿ ಒಂದು ಸ್ವಿಚ್, ಅದರ ಮೇಲೆ ಸಾಲಾಗಿ ನಾಲ್ಕು ಹಸಿರು ದೀಪ ಮತ್ತು ಒಂದು ಕೆಂಪು. ಗ್ಯಾಸ್ ಇಳಿದಂತೆಲ್ಲ ಹಸಿರು ಒಂದೊಂದಾಗಿ ಆರಿ, ಕೊನೆಗೆ ಕೆಂಪು ಹತ್ತಬೇಕು. ನನ್ನ ಕಾರಿನಲ್ಲಿ ಒಂದು ವರ್ಷದಿಂದ ನಾಲ್ಕೂ ಹಸಿರು ಉರಿಯುತ್ತಲೇ ಇದ್ದವು. ಸಂತೆಕಲ್ಲೂರಿನ ಹತ್ತಿರ ಗ್ಯಾಸ್ ಪೂರ್ತಿ ಮುಗಿದು ಕಾರು ನಿಂತಾಗಲೂ ಉರಿಯುತ್ತಿದ್ದವು. ಪೆಟ್ರೋಲಿಗೆ ಬದಲಿಸಿಕೊಂಡು ಹೋಗಬಹುದಿತ್ತು, ಆದರೆ ಪೆಟ್ರೋಲ್ ಹಾಕಿಸುವ ರೂಢಿಯನ್ನೇ ನಾನು ಬಿಟ್ಟಿದ್ದೆ. ಜೊತೆಗಿದ್ದ ಹೆಂಡತಿ ಜೋಳದ ಹೊಲದ ಬದುವಿನ ಮೇಲೆ ಕೂತು, "ನಿಮ್ ಕಾರಿಗೆ ಹೊಟ್ಟಿ ಹಸದ್ರೂ ಹೇಳಾಕ ಬಾಯಿಲ್ಲ ನೋಡ್ರಿ" ಅಂದಳು.

ಅದಾದ ವಾರಕ್ಕೆ, ಒಂದು ಗುರುವಾರ, ಕಾಲೇಜಿನಿಂದ ಬೇಗ ಹೊರಟು ಮಸ್ಕಿಯಲ್ಲಿ ಉಸ್ತಾದರ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ರಸ್ತೆ ಬದಿಯ ಆ ಸಾಲಿನಲ್ಲಿ ಒಂದು ಚಹಾದಂಗಡಿ, ಹಿಟ್ಟಿನ ಗಿರಣಿ, ಪಂಕ್ಚರ್ ಅಂಗಡಿ, ಕೊನೆಗೆ ಉಸ್ತಾದರ ವೈರಿಂಗ್ ಅಂಗಡಿ. ಅರವತ್ತು ಸಮೀಪಿಸಿದ, ಮಾತು ಕಡಿಮೆಯ ಮನುಷ್ಯ. ಎಲ್ಲರೂ ಅವರನ್ನು ಕರೆಯುವುದು ಉಸ್ತಾದ್ ಅಂತಲೇ.

ಡಿಕ್ಕಿ ತೆಗೆದು, ಸಿಲಿಂಡರಿನ ವಾಲ್ವ್ ಮೇಲಿನ ಮುಚ್ಚಳ ಬಿಚ್ಚಿ ನೋಡಿ ಹೇಳಿದರು: "ಸೆನ್ಸರ್ ಹೋಗೈತ್ರಿ ಸರ. ಒಳಗ ತೇಲೋ ಗುಂಡು ಚಲೋ ಐತಿ. ಅದು ಹೇಳಿದ್ದು ಹೊರಗ ಮುಟ್ಟವಲ್ದು."

ಹೊಸ ಸೆನ್ಸರ್ ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಎರಡು ಸ್ಕ್ರೂ, ಮೂರು ವೈರ್. ವಾಲ್ವಿನ ಹೊರಮೈಗೆ ಕೂರುತ್ತದೆ, ಗ್ಯಾಸನ್ನು ಮುಟ್ಟುವುದೇ ಇಲ್ಲ. ಆದರೂ ಉಸ್ತಾದರು ಮೊದಲು ಬ್ಯಾಟರಿಯ ವೈರ್ ಬಿಚ್ಚಿಟ್ಟರು. ಹಳೆಯ ಸೆನ್ಸರಿನ ಒಂದು ಸ್ಕ್ರೂ ತುಕ್ಕು ಹಿಡಿದಿತ್ತು. ಅದನ್ನು ಪಕ್ಕಡದಿಂದ ಹಿಡಿದು ತಿರುವುವಾಗ ಪಕ್ಕದ ಪೈಪಿನ ನಟ್ ಅಲುಗಿತು. ಸ್ಸ್ ಅನ್ನುವ ಸದ್ದು, ಜೊತೆಗೇ ವಾಸನೆ. ಸಿಲಿಂಡರಿನ ಕಾಕ್ ಬಂದ್ ಮಾಡಹೋದರೆ ಅದೂ ಬಿಗಿ ಹಿಡಿದಿತ್ತು. ಬಂದ್ ಆಗಲು ಎರಡು ನಿಮಿಷವಾದರೂ ಹಿಡಿದಿರಬೇಕು. ಆಮೇಲೆ ನಟ್ ಬಿಗಿ ಮಾಡಿ, ಕೈ ಒರೆಸಿಕೊಂಡು ಹೊರಬಂದರು.

"ಗ್ಯಾಸ್ ಮ್ಯಾಲ ಹೋಗಂಗಿಲ್ರಿ. ಡಿಕ್ಕಿ ತಳದಾಗ ನೀರಿನಂಗ ಕುಂದ್ರತೈತಿ. ಒಂದ್ ತಾಸು ಹಂಗ ತೆರದ್ ಬಿಡೂಣು."

ಇದನ್ನು ನಾನೇ ಪಾಠದಲ್ಲಿ ಹೇಳುತ್ತೇನೆ, ಇದೇ ನೀರಿನ ಹೋಲಿಕೆ ಕೊಟ್ಟು. ಆದರೆ ಆಗ ನನ್ನ ಬಾಯಿಂದ ಬಂದ ಮಾತು ಬೇರೆ. "ಬರೀ ವೈರ್ ಜೋಡ್ಸೋದಲ್ಲೇನು ಉಸ್ತಾದ್? ಮನಿಗೆ ಬೀಗರು ಬರೋರದಾರ."

ಅವರು ನನ್ನನ್ನು ಒಮ್ಮೆ ನೋಡಿದರು. ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದರು. ಆಮೇಲೆ, "ಹಂಗಾದ್ರ ನೀವು ಇಲ್ಲೇ ನಿಂದರ್ರಿ. ಬೀಡಿ, ಕಡ್ಡಿ, ಏನೂ ಹತ್ರ ಬರಬಾರ್ದು. ನಾ ಸೋಲ್ಡರ್ ಸುದ್ದಾ ಹಚ್ಚಂಗಿಲ್ಲ, ವೈರ್ ಕೈಲೇ ಹೊಸೀತೀನಿ" ಅಂದು ಡಿಕ್ಕಿಯೊಳಗೆ ಬಗ್ಗಿದರು.

ನಾನು ಕಾವಲು ನಿಂತೆ. ಚಹಾದಂಗಡಿಯ ಒಲೆ ಎಷ್ಟು ದೂರವಿದೆಯೆಂದು ಹೆಜ್ಜೆ ಹಾಕಿ ನೋಡಿ ಬಂದೆ. ಟ್ರ್ಯಾಕ್ಟರಿನ ಗಾಲಿ ತಂದವನೊಬ್ಬ ಬೀಡಿ ಕಚ್ಚಿಕೊಂಡೇ ಪಂಕ್ಚರ್ ಅಂಗಡಿ ಕಡೆ ಬಂದ.

"ಏ ಅಣ್ಣಾ, ಅಲ್ಲೇ ನಿಂದ್ರು. ಬೀಡಿ ಆರಸು."

"ಯಾಕ್ರಿ, ಬೀಡಿ ಬಂದ್ ಆಗ್ಯಾವೇನು?"

"ಗ್ಯಾಸ್ ಸೋರೈತಿ."

ಅವನು ಬೀಡಿಯನ್ನು ಚಪ್ಪಲಿಯಡಿ ಹೊಸಕಿ, ಚಹಾದಂಗಡಿಯ ಅಕ್ಕನ ಕಡೆ ತಿರುಗಿ, "ಅಕ್ಕಾ, ಇವತ್ತ ಮಾಸ್ತರ್ರು ಫೈರ್ ಇಂಜಿನ್ನಿಗೆ ಸೇರ್ಯಾರ, ನಿನ್ ಒಲಿ ಹುಷಾರಿ" ಅಂದ. ಆಕೆ ನಕ್ಕಳು. ನನಗೂ ಒಳಗೊಳಗೇ ಹೆಮ್ಮೆಯೆನಿಸಿತು. ಇನ್ನೊಬ್ಬನನ್ನೂ ಹಾಗೆಯೇ ತಡೆದೆ. ಇವರಿಗೆಲ್ಲ ಇದು ಎಲ್ಲಿ ಗೊತ್ತಾಗಬೇಕು ಅಂದುಕೊಂಡೆ.

ಆ ಹೊತ್ತಿಗೆ ಲೋಬಾನದ ಬಾಬಾ ಬಂದರು.

ನಮ್ಮ ಕಡೆ ಗುರುವಾರ ಅಂಗಡಿ ಸಾಲುಗಳಿಗೆ ಲೋಬಾನದ ಹೊಗೆ ಹಾಕಿಸಿಕೊಳ್ಳುವುದು ಎಲ್ಲರಿಗೂ ಬೇಕು. ಹಸಿರು ರುಮಾಲಿನ ಮುದುಕರು, ಒಂದು ಕೈಯಲ್ಲಿ ಕೆಂಡದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ಗಲ್ಲಾದ ಮುಂದೆ, ತಕ್ಕಡಿಯ ಮುಂದೆ, ನಿಂತ ಗಾಡಿಯ ಮುಂದೆ ಹೊಗೆ ಬೀಸಿ, ತಲೆಯ ಮೇಲೆ ಗರಿ ಮುಟ್ಟಿಸಿ, ಒಳ್ಳೆಯದಾಗಲಿ ಅನ್ನುತ್ತಾರೆ. ಸಣ್ಣವನಿದ್ದಾಗ ಜ್ವರ ಬಂದರೆ ಅವ್ವ ನನ್ನನ್ನು ಇಂಥ ಹೊಗೆಯ ಮುಂದೆಯೇ ನಿಲ್ಲಿಸುತ್ತಿದ್ದಳು. ಆ ವಾಸನೆಗೆ ನನ್ನ ತಲೆ ತಾನಾಗಿ ಬಾಗುತ್ತದೆ.

ಅವರು ಗಿರಣಿ ಮುಗಿಸಿ, ಕಾರಿನ ಡಿಕ್ಕಿ ತೆರೆದದ್ದನ್ನು ಕಂಡು ಇದು ಕೆಲಸ ನಡೆದಿರುವ ಗಾಡಿ ಎಂದು ರಸ್ತೆಯತ್ತ ತಿರುಗಿದ್ದರು. ಕರೆದವನು ನಾನು.

"ಬಾಬಾ, ಇಲ್ಲಿಗೂ ಬರ್ರಿ. ಬಾಳ ಕಾಡೈತಿ ಈ ಗಾಡಿ. ಸುತ್ತ ಒಮ್ಮೆ ಲೋಬಾನ ಹಾಕಿಬಿಡ್ರಿ."

ಬಾಬಾ ನನ್ನ ಮುಂದೆ ನಿಂತು ಗರಿ ಬೀಸಿದರು. ನಾನು ತಲೆ ಬಾಗಿಸಿ, ಹೊಗೆಗೆ ಕಣ್ಣು ಮುಚ್ಚಿ, ಜೇಬಿನಲ್ಲಿ ಚಿಲ್ಲರೆ ತಡಕಾಡಿದೆ. ಅವರು ಕಾರಿನ ಮುಂದಿನಿಂದ ಸುತ್ತು ಶುರು ಮಾಡಿದರು. ಮುಂಗಾಲಿ, ಬಾಗಿಲು, ಹಿಂಗಾಲಿ. ಎಂಟು ಹೆಜ್ಜೆಗಳಿರಬಹುದು. ಒಂದೊಂದು ಹೆಜ್ಜೆಯಲ್ಲೂ ನಾನು ಕೂಗಬಹುದಿತ್ತು. ಈಗಲೂ ಪಾಠದ ನಡುವೆ ಮಾತು ನಿಂತರೆ, ಆ ಎಂಟು ಹೆಜ್ಜೆಗಳಲ್ಲಿ ಯಾವುದೋ ಒಂದರ ಮೇಲೆ ನಾನು ಮನಸ್ಸಿನಲ್ಲೇ ಅವರನ್ನು ತಡೆಯುತ್ತಿರುತ್ತೇನೆ. ಅವತ್ತು ತಡೆಯಲಿಲ್ಲ. ಬೀಡಿ ಬೆಂಕಿ, ಕಡ್ಡಿ ಬೆಂಕಿ, ಚಹಾದ ಒಲೆ ಬೆಂಕಿ. ಲೋಬಾನ ನನಗೆ ಹೊಗೆಯಷ್ಟೇ ಆಗಿತ್ತು. ಹೊಗೆಯ ಕೆಳಗೆ ಕೆಂಡವಿದೆ ಎಂಬುದು, ಕಣ್ಣೆದುರೇ ಕೆಂಪಗೆ ಕಾಣುತ್ತಿದ್ದರೂ, ಹೊಳೆಯಲೇ ಇಲ್ಲ.

ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಬಟ್ಟೆ ಝಾಡಿಸಿದಂತೆ ಒಂದು ಭಪ್. ಡಿಕ್ಕಿಯ ತಳದಿಂದ ನೀಲಿ ಉರಿಯೊಂದು ಎದ್ದು, ಹಳದಿಯಾಗಿ, ಹೋಯಿತು. ಬಾಬಾ ಹಿಂದಕ್ಕೆ ಬಿದ್ದರು. ಬಟ್ಟಲು ಉರುಳಿ ಕೆಂಡ ಮಣ್ಣಲ್ಲಿ ಚೆಲ್ಲಿತು. ಉಸ್ತಾದರು ಡಿಕ್ಕಿಯಿಂದ ಮೇಲೆದ್ದರು. ಹುಬ್ಬು ಸುಟ್ಟು ಹೋಗಿದ್ದವು, ಬಲಗೈಯನ್ನು ತಮ್ಮದಲ್ಲವೆಂಬಂತೆ ದೂರ ಹಿಡಿದಿದ್ದರು. ಚಹಾದಂಗಡಿಯ ಅಕ್ಕ ಓಡಿಬಂದು ಹೊಗೆಯಾಡುತ್ತಿದ್ದ ಡಿಕ್ಕಿಯ ಹಾಸಿನ ಮೇಲೆ ತೊಯ್ದ ಗೋಣಿಚೀಲ ಒಗೆದಳು. ಉಸ್ತಾದರು ಎಡಗೈಯಿಂದ ಕಾಕ್ ಮುಟ್ಟಿ ನೋಡಿ, "ಬಂದ್ ಐತಿ, ಬಂದ್ ಐತಿ" ಅನ್ನುತ್ತಿದ್ದರು. ಅದನ್ನು ಅವರು ಮೊದಲೇ ಬಂದ್ ಮಾಡಿದ್ದರಿಂದ ನಾವೆಲ್ಲ ಉಳಿದೆವು.

ಅವರನ್ನು ಆಟೋದಲ್ಲಿ ಕೂರಿಸುವಾಗ ಜನ ಸೇರಿತ್ತು. ಗಿರಣಿಯವರು ನನ್ನನ್ನೇ ಕೇಳಿದರು: "ಬೆಂಕಿ ಹೆಂಗ್ ಬಂತ್ರಿ ಸರ?"

"ಲೋಬಾನದವರು ಬಂದಿದ್ರು" ಅಂದೆ.

ಸುಳ್ಳಲ್ಲ. ನಾನು ಕರೆದೆ ಅನ್ನುವುದೊಂದನ್ನು ಬಿಟ್ಟು ಉಳಿದದ್ದು ನಿಜ. ಬಾಬಾ ಮಣ್ಣಿನಲ್ಲಿ ಕೂತೇ ಇದನ್ನು ಕೇಳಿಸಿಕೊಂಡರು. ಗಡ್ಡದ ತುದಿ ಸುಟ್ಟಿತ್ತು. ಚೆದುರಿದ ನವಿಲುಗರಿಗಳನ್ನು ಒಂದೊಂದಾಗಿ ಆರಿಸಿಕೊಂಡರು.

ಮುಂದಿನ ಗುರುವಾರದಿಂದ ಆ ಸಾಲಿನವರು ಅವರನ್ನು ಬರಗೊಡಲಿಲ್ಲ. ಗಾಡಿ ಕಂಡಲ್ಲಿ ಕೆಂಡ ಹಿಡಿದು ಹೋಗುವ ಮುದುಕ ಎಂದು ಬಸ್‌ಸ್ಟ್ಯಾಂಡಿನ ಅಂಗಡಿಗಳವರೂ ಕೈಬೀಸಿ ಆಚೆ ಕಳಿಸಿದರಂತೆ. ಇದನ್ನು ಹೇಳಿದವರು ಉಸ್ತಾದರೇ, ಎರಡು ತಿಂಗಳ ಮೇಲೆ, ಅವತ್ತು ಅರ್ಧಕ್ಕೆ ನಿಂತಿದ್ದ ಕಾರಿನ ವೈರ್ ಜೋಡಿಸುತ್ತ. ಕೈಯ ಗಾಯ ಮಾಯ್ದಿತ್ತು, ಕಿರುಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ಮೂರನೆಯ ವೈರ್ ಹೊಸೆದು, ಸ್ವಿಚ್ ಒತ್ತಿದರು. ಎರಡು ಹಸಿರು ಹತ್ತಿದವು. "ಅರ್ಧ ಐತಿ. ಈಗ ಖರೇ ಹೇಳಾಕತ್ತೈತಿ ನೋಡ್ರಿ" ಅಂದರು.

ಆ ಮಾತಿಗೆ ನನಗೆ ತಡೆಯಲಾಗಲಿಲ್ಲ. "ಉಸ್ತಾದ್, ಅವತ್ತು ಬಾಬಾನ್ನ ಕರದಾಂವ ನಾನು" ಅಂದೆ.

"ಗೊತ್ತೈತ್ರಿ ಸರ. ತಲಿ ಡಿಕ್ಕಿ ಒಳಗಿತ್ತು, ಕಿವಿ ಹೊರಗ ಇದ್ವು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಂತ ಕಾದೆ." ಹೊಸೆದ ವೈರಿಗೆ ಟೇಪ್ ಸುತ್ತುತ್ತ, "ಲೋಬಾನ ಅಂತ ಕೇಳಿ ನನಗೂ ಬೆಂಕಿ ನೆನಪಾಗಲಿಲ್ರಿ. ನನ್ ಕೈ ಬಿಡ್ರಿ, ಆರಿತು. ಆ ಮುದಕಗ ಏನ್ ಹೇಳ್ತೀರಿ?" ಅಂದರು.

ಅವತ್ತೇ ಒಂದೊಂದು ಅಂಗಡಿಗೂ ಹೋಗಿ ಹೇಳಿದೆ. ಗಿರಣಿಯವರು, "ಬಿಡ್ರಿ ಸರ, ಆಗಿದ್ದಾತು, ನಿಮ್ದೇನು ತಪ್ಪು" ಅಂದರು. ಬಾಬಾನ ತಪ್ಪೂ ಇಲ್ಲ ಅಂದರೆ, "ಅದೂ ಖರೇರಿ. ಆದ್ರ ಬ್ಯಾಡ ಬಿಡ್ರಿ, ಭಯ ಆಗ್ತೈತಿ" ಅಂದರು. ಎರಡು ತಿಂಗಳ ಹಿಂದೆ ಒಂದೇ ಮಾತಿನಲ್ಲಿ ಮುಗಿಯುತ್ತಿದ್ದದ್ದು ಈಗ ಎಷ್ಟು ಹೇಳಿದರೂ ಮುಗಿಯಲಿಲ್ಲ.

ಬಾಬಾ ಈಗ ಆ ಸಾಲಿನಲ್ಲಿ ಬರುವುದು ಉಸ್ತಾದರ ಅಂಗಡಿಗೆ ಮಾತ್ರ, ಅವರು ಹೋಗಿ ಕರೆದದ್ದಕ್ಕೆ. ಹೋದ ಗುರುವಾರ ನಾನಲ್ಲಿದ್ದೆ. ಮುದುಕರು ಬಟ್ಟಲನ್ನು ರಸ್ತೆಯ ಆಚೆ ಬದಿ, ಕಲ್ಲಿನ ಮೇಲೆ ಇಟ್ಟು, ಗರಿಯ ಕಟ್ಟೊಂದನ್ನೇ ಹಿಡಿದು ದಾಟಿ ಬಂದರು. ಉಸ್ತಾದರ ತಲೆಗೆ ಗರಿ ಮುಟ್ಟಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದನ್ನು ಕೇಳಿಸಿಕೊಳ್ಳುವ ಮೊದಲೇ ನನ್ನ ಮುಂದೆ ಗರಿ ಬೀಸಿದರು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಬರೀ ಗಾಳಿ ಬಂತು. ತಲೆ ಬಾಗಿಸಬೇಕೆಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.