ಐದು ಗುಂಡಿನ ಮ್ಯಾಗಜೀನು ಮತ್ತು ಹಲ್ಲಿನ ಡಾಕ್ಟರು

ರೈಫಲಿಗೆ ಸಿಕ್ಕಿಸುವ ಹತ್ತು ಗುಂಡಿನ ಮ್ಯಾಗಜೀನು ಕೈಗೆ ಸಿಗುವಂತಿದ್ದರೂ ನಾನು ಐದು ಗುಂಡಿನದನ್ನೇ ಹಿಡಿದದ್ದು ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ರೈಫಲ್ ಕ್ಲಬ್ಬಿನ ಕ್ಯಾಪ್ಟನ್‌ಗೆ ಹೇಳಿದ್ದು: ಚಾಪೆಯ ಮೇಲೆ ಮಲಗಿ ಹೊಡೆಯುವಾಗ ಉದ್ದದ್ದು ನೆಲಕ್ಕೆ ತಾಗುತ್ತದೆ, ಗಿಡ್ಡದ್ದು ರೈಫಲಿನ ಹೊಟ್ಟೆಗೆ ಸಮನಾಗಿ ಕೂರುತ್ತದೆ. ಇದು ನಿಜ. ಕ್ಲಬ್ಬಿನಲ್ಲಿ ಚಹಾ ಮಾಡುತ್ತಿದ್ದ ಅಜ್ಜಿಗೆ ಹೇಳಿದ್ದು: ಕ್ಲಬ್ಬಿನ ಹಳೇ ಹತ್ತರ ಮ್ಯಾಗಜೀನುಗಳಲ್ಲಿ ಸ್ಪ್ರಿಂಗು ಸೋತಿದೆ, ಗುಂಡು ಸಿಕ್ಕಿಹಾಕಿಕೊಳ್ಳುತ್ತದೆ. ಇದು ಅರ್ಧ ನಿಜ. ಪೂರ್ತಿ ನಿಜವೆಂದರೆ ನಾನು ಒಬ್ಬ ಹಲ್ಲಿನ ಡಾಕ್ಟರರ ಮೇಲೆ ಸೇಡು ತೀರಿಸಿಕೊಳ್ಳಬೇಕಾಗಿತ್ತು.

ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳವು. ವಿಲಾಯತಿ ಊರಾದ ಹೇಸ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವುದು ನನ್ನ ಕೆಲಸ, ಕಂಡವರನ್ನೆಲ್ಲ ಅಣಕಿಸುವುದು ನನ್ನ ಚಟ. ಉಡುಪಿಯ ನಮ್ಮ ಚರ್ಚಿನ ಫಾದರ್, ಟ್ಯೂಬ್ ರೈಲಿನಲ್ಲಿ ಬಾಗಿಲು ಮುಚ್ಚುತ್ತಿದೆ ಎನ್ನುವ ಹೆಂಗಸು, ಫೋನಿನಲ್ಲಿ ಅಳುವುದಕ್ಕೂ ಮುಂಚೆ ಮೂಗು ಒರೆಸಿಕೊಳ್ಳುವ ನನ್ನ ಅಮ್ಮ, ಯಾರನ್ನೂ ಬಿಟ್ಟಿರಲಿಲ್ಲ. ಎಲ್ಲಿ ಹೋದರೂ ಜನ "ಒಂದು ಮಾಡು ಮಾರಾಯ" ಎನ್ನುತ್ತಿದ್ದರು, ನಾನೂ ಮಾಡುತ್ತಿದ್ದೆ. ಶನಿವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ ಯಾರೂ ಏನನ್ನೂ ಮಾಡಿಸುತ್ತಿರಲಿಲ್ಲ. ಆ ಹೊತ್ತು ನಾನು ರೈಫಲ್ ಕ್ಲಬ್ಬಿನಲ್ಲಿ ಬೋರಲು ಮಲಗಿ ಕಾಗದದ ಮೇಲಿನ ಕಪ್ಪು ವೃತ್ತಗಳಿಗೆ ಗುರಿಯಿಡುತ್ತಿದ್ದೆ. ಅಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ನಿಯಮ. ನನ್ನಂಥವನಿಗೆ ಅದೆಷ್ಟು ಸುಖವೆಂದು ಹೇಳಿದರೆ ನಂಬುವವರಿಲ್ಲ.

ಕೆಂಟನ್ನಿನ ಶಾಲೆಯೊಂದರ ಹಾಲಿನಲ್ಲಿ ಕನ್ನಡದವರು ಸೇರಿದ್ದ ದಿನ ನನ್ನನ್ನು ವೇದಿಕೆಗೆ ಹತ್ತಿಸಿದರು. ಸ್ಟ್ಯಾನ್ಮೋರಿನ ಹಲ್ಲಿನ ಡಾಕ್ಟರರ ನಕಲು ಮಾಡಿದೆ. ಮೂಲ ಮೈಸೂರಿನವರು, ಆ ಹಾಲಿನ ಅರ್ಧದಷ್ಟು ದವಡೆಗಳು ಅವರ ಕೈಯಲ್ಲಿ ಹಾದುಹೋದವೇ. "ಬಾಯಿ ತೆಗೀರಿ. ನೋಯಲ್ಲ. ಸ್ವಲ್ಪಾನೂ ನೋಯಲ್ಲ," ಎಂದು ಅವರ ಬೆಣ್ಣೆಯಂಥ ದನಿಯಲ್ಲಿ ಹೇಳಿ, ಹಿಂದೆಯೇ ಡ್ರಿಲ್ಲಿನ ಸದ್ದು, ಅದರ ಹಿಂದೆ ಕಿರುಚಾಟ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರ ಹೆಂಡತಿ. ತಟ್ಟೆಯ ಬಿಸಿಬೇಳೆಬಾತು ಸೀರೆಯ ಮೇಲೆ ಬಿತ್ತು. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಅವರು ಅದೇ ರೈಫಲ್ ಕ್ಲಬ್ಬಿನ ಹಳೇ ಸದಸ್ಯರು, ಕಮಿಟಿಯಲ್ಲೂ ಇದ್ದವರು. ನಾನು ಇನ್ನೂ ಪರೀಕ್ಷೆಯ ಅವಧಿಯಲ್ಲಿದ್ದವ. ಆರು ತಿಂಗಳಾದ ಮೇಲೆ ಕಮಿಟಿ ಒಪ್ಪಿದರೆ ಸದಸ್ಯ, ಇಲ್ಲದಿದ್ದರೆ ಹೊರಗೆ. ಐದು ತಿಂಗಳು ಮುಗಿದಿತ್ತು. ಮರುವಾರ ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ. ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದವನ ಕೈಗೆ ಬಂದೂಕು ಕೊಡಬಾರದೆಂದು ಒಬ್ಬ ಸದಸ್ಯರು ಬರೆದುಕೊಟ್ಟಿದ್ದಾರೆ, ಪರೀಕ್ಷೆ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಗಿದೆ, ಆಮೇಲೂ ಬೇಡವೆಂದರೆ ಮತ್ತೆ ಬರಬೇಡ, ಎಂದ. ಆ ಮಾತಿನಲ್ಲಿ ನ್ಯಾಯ ಇರಲಿಲ್ಲವೆಂದು ಹೇಳಲಾರೆ. ಅದಕ್ಕೇ ಹೆಚ್ಚು ಉರಿಯಿತು.

ಹೊರಗೆ ಬಂದರೆ ಡಾಕ್ಟರು ತಮ್ಮ ರೈಫಲನ್ನು ಚೀಲಕ್ಕೆ ಹಾಕುತ್ತಿದ್ದರು.

"ಬೇಜಾರಾಯ್ತೇನಪ್ಪಾ?" ಎಂದರು. "ಸ್ವಲ್ಪ ಅಷ್ಟೆ. ನೋಯಲ್ಲ."

ನನ್ನ ನಕಲನ್ನು ನನಗೇ ಮಾಡಿ ತೋರಿಸಿದ್ದರು. ಅದೂ ನನಗಿಂತ ಚೆನ್ನಾಗಿ.

ಮೂರು ತಿಂಗಳ ಕೊನೆಗೆ ಕ್ಲಬ್ಬಿನಲ್ಲಿ ಒಂದು ಪಂದ್ಯವಿತ್ತು: ಒಂದು ಕಾರ್ಡಿನಲ್ಲಿ ಹತ್ತು ವೃತ್ತ, ವೃತ್ತಕ್ಕೆ ಒಂದೇ ಗುಂಡು, ಮೂರು ನಿಮಿಷ. ಕ್ಯಾಪ್ಟನ್ ಕರುಣಾಳು. ಆ ದಿನ ತುಟಿ ಪಿಟಕ್ಕೆನ್ನದೆ, ಒಂದೂ ವೃತ್ತ ತಪ್ಪದೆ ಪಂದ್ಯ ಮುಗಿಸು, ನಿನ್ನ ಹೆಸರು ಮತ್ತೆ ಇಡುತ್ತೇನೆ, ಆಕ್ಷೇಪ ಬರೆದವರೇ ಸಹಿ ಹಾಕಿ ಅದನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ, ಎಂದ. ನನಗೆ ಅಷ್ಟು ಸಾಲದು. ಡಾಕ್ಟರು ಸೋಲಬೇಕು, ಸೋತ ಕೈಯಿಂದಲೇ ಸಹಿ ಹಾಕಬೇಕು.

ಅಣಕಿಸುವವನಿಗೆ ಗೊತ್ತಿರುವ ಯುದ್ಧ ಒಂದೇ. ಪ್ರತಿ ಶನಿವಾರ ಅವರ ಹಿಂದೆ ಕುಳಿತು ನೋಡಿದೆ. ಉಸಿರು ಬಿಡುವ ರೀತಿ, ಪ್ರತಿ ಗುಂಡಿಗೂ ಬೋಲ್ಟಿನ ಹಿಡಿ ಎಳೆಯುವ ಮಣಿಕಟ್ಟು, ಎಡಗಾಲನ್ನು ಒಂದಿಷ್ಟು ಹೊರಗೆ ಚಾಚುವುದು, ಎಲ್ಲ ಕಲಿತೆ. ಮನೆಯ ಅಡುಗೆಮನೆಯ ನೆಲದಲ್ಲಿ ಪೊರಕೆ ಹಿಡಿದು ಮಲಗಿ ಅಭ್ಯಾಸ ಮಾಡಿದೆ. ನನ್ನ ಗುರಿ ನಿಜಕ್ಕೂ ಸುಧಾರಿಸಿತು. ಅವರು ಒಳ್ಳೆಯ ಶೂಟರು, ಹಲ್ಲು ಕಚ್ಚಿಕೊಂಡು ಒಪ್ಪುತ್ತೇನೆ.

ಆದರೆ ಕ್ಲಬ್ಬಿನಲ್ಲಿ ಒಂದು ಕೇಡು ಶುರುವಾಯಿತು. ನನ್ನ ಕಾರ್ಡಿನ ಏಳನೆಯದೋ ಎಂಟನೆಯದೋ ವೃತ್ತದಲ್ಲಿ ಎರಡು ತೂತು, ಕೊನೆಯದರಲ್ಲಿ ಒಂದೂ ಇಲ್ಲ. ಮೂರು ವಾರ ಹೀಗೇ ಆಯಿತು. ಒಂದು ಸಂಜೆ ಪೊರಕೆ ಹಿಡಿದು ಮಲಗಿದ್ದಾಗ, ನನ್ನ ಜೊತೆ ಮನೆ ಹಂಚಿಕೊಂಡಿದ್ದ ಧಾರವಾಡದವನು ರೊಟ್ಟಿ ಬೇಯಿಸುತ್ತ ಎಣಿಸಿದ.

"ಲೇ, ಐದರ ತನಾ ಬರೋಬ್ಬರಿ ಅದಿ," ಎಂದ. "ಆರನೇದಕ್ಕ ದವಡಿ ಬಿಗೀತದ ನಿಂದು. ಆಮ್ಯಾಗ ಬಸ್ ತಪ್ಪಿದವರಂಗ ಓಡ್ತಿ."

"ಅದು ನಾನಲ್ಲ ಮಾರಾಯ, ಡಾಕ್ಟ್ರು ಹಾಗೆ ಮಾಡುವುದು."

"ಹಂಗಾರ ನೀ ಎಲ್ಲಿ ಹೋಗೀಯಪಾ?"

ಪೊರಕೆ ಕೆಳಗಿಟ್ಟೆ. ಮುಂದಿನ ಶನಿವಾರ ಕಣ್ಣಿಟ್ಟು ನೋಡಿದರೆ ಹೌದು. ಆರನೇ ಗುಂಡಿಗೆ ಡಾಕ್ಟರ ದವಡೆ ಬಿಗಿಯುತ್ತಿತ್ತು, ಬೋಲ್ಟ್ ಬೇಗಬೇಗ ಆಡುತ್ತಿತ್ತು, ಎಣಿಕೆ ಆಗಾಗ ತಪ್ಪುತ್ತಿತ್ತು. ಅವರ ಗುಣದ ಜೊತೆ ಅವರ ರೋಗವನ್ನೂ ನಾನು ಮೈಗೆ ಅಂಟಿಸಿಕೊಂಡಿದ್ದೆ. ಬೇಡವೆಂದರೂ ಅವರಿಂದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಅಂದೇ ಕ್ಲಬ್ಬಿನ ತಗಡಿನ ಡಬ್ಬಿ ಕೆದಕಿ ಐದರ ಮ್ಯಾಗಜೀನು ಎರಡನ್ನು ತೆಗೆದುಕೊಂಡೆ. ಐದು ಹೊಡೆದರೆ ಅದು ಖಾಲಿ. ಖಾಲಿಯಾದರೆ ತಲೆ ಎತ್ತಲೇಬೇಕು, ಹಳೆಯದನ್ನು ಕಳಚಿ ಹೊಸದನ್ನು ಸಿಕ್ಕಿಸಲೇಬೇಕು. ಅಷ್ಟರಲ್ಲಿ ಡಾಕ್ಟರು ನನ್ನ ಮೈಯಿಂದ ಇಳಿದು ಹೋಗುತ್ತಾರೆ. ಉಳಿದ ಐದನ್ನು ನಾನೇ ಹೊಡೆಯಬಹುದು.

ಪಂದ್ಯದ ಬೆಳಿಗ್ಗೆ ಡಾಕ್ಟರು ನನ್ನ ಪಕ್ಕದ ಚಾಪೆಗೇ ಬಂದರು.

"ಏನಪ್ಪಾ, ಅರ್ಧ ಮ್ಯಾಗಜೀನು? ಪೂರ್ತಿ ಹೊರೋಕೆ ಶಕ್ತಿ ಇಲ್ವಾ?"

ತುಟಿಯ ತುದಿಗೆ ಏಳು ಉತ್ತರ ಬಂದವು. ಒಂದಂತೂ ಅವರ ಹೆಂಡತಿಯ ದನಿಯಲ್ಲೇ ಇತ್ತು. ನುಂಗಿಕೊಂಡೆ. ಬದುಕಿನಲ್ಲಿ ನಾನು ಅಷ್ಟು ಕಹಿಯಾದದ್ದನ್ನು ನುಂಗಿಲ್ಲ.

ಮೊದಲ ಐದನ್ನು ಡಾಕ್ಟರ ನಕಲಾಗಿಯೇ ಹೊಡೆದೆ, ಚಾಚಿದ ಎಡಗಾಲಿನ ಸಮೇತ. ಆರನೆಯದಕ್ಕೆ ದವಡೆ ಬಿಗಿಯಿತು, ಆದರೆ ಗುಂಡಿಲ್ಲ. ತಲೆ ಎತ್ತಿದೆ. ಮ್ಯಾಗಜೀನು ಬದಲಿಸಿದೆ. ಎಡಗಾಲನ್ನು ಒಳಗೆ ಎಳೆದುಕೊಂಡೆ. ಪಕ್ಕದಲ್ಲಿ ಟಪ್, ಟಪ್ ಎಂದು ಆತುರದ ಸದ್ದು ಕೇಳುತ್ತಿತ್ತು. ಇನ್ನುಳಿದ ಐದು ಗುಂಡು ನನ್ನವು: ಒರಟು, ಅಂದವಿಲ್ಲ, ಆದರೆ ವೃತ್ತಕ್ಕೊಂದು.

ಕ್ಯಾಪ್ಟನ್ ಚಹಾದ ಕೋಣೆಯಲ್ಲಿ ಕಾರ್ಡುಗಳನ್ನು ಬೆಳಕಿಗೆ ಹಿಡಿದು ಅಂಕ ಹಾಕಿದ. ನನಗೆ ನೂರಕ್ಕೆ ಎಂಬತ್ತೆಂಟು. ಡಾಕ್ಟರ ಕಾರ್ಡಿನಲ್ಲಿ ಎಂಟನೇ ವೃತ್ತದಲ್ಲಿ ಎರಡು ತೂತು, ಹತ್ತನೆಯದು ಹುಟ್ಟಿದ ಹಾಗೇ ಇತ್ತು. ಎಂಬತ್ತನಾಲ್ಕು. ಒಂದು ಗುಂಡು ತನ್ನ ಜಾಗಕ್ಕೆ ಹೋಗಿದ್ದರೆ ನನ್ನನ್ನು ಮಡಚಿ ಜೇಬಿಗಿಡುತ್ತಿದ್ದರು. ಕ್ಯಾಪ್ಟನ್ ಕಾಗದ ಚಾಚಿದ. ಡಾಕ್ಟರು ಕನ್ನಡಕ ಒರೆಸಿಕೊಂಡು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುವವರೆಗೂ ನಾನು ಅವರ ಕೈ ನೋಡುತ್ತ ನಿಂತಿದ್ದೆ. ನಾಚಿಕೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಹೊರಡುವ ಮುಂಚೆ ಅವರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ಆ ಐದರದ್ದು... ನನ್ನ ರೈಫಲಿಗೂ ಕೂತ್ಕೊಳ್ಳುತ್ತಾ? ಒಂದು ಸಿಗುತ್ತೇನಪ್ಪಾ?"

ಎರಡೂ ನನ್ನ ಕೈಯಲ್ಲೇ ಇದ್ದವು. ಆದರೆ ಕ್ಲಬ್ಬಿನ ಸಾಮಾನು, ಕೇಳುವುದಿದ್ದರೆ ಎಲ್ಲರೆದುರು ಕ್ಯಾಪ್ಟನ್‌ನನ್ನೇ ಕೇಳಬೇಕು. ಬೆಳಗಿನಿಂದ ಮುಚ್ಚಿದ್ದ ಬಾಯಿಯನ್ನು ಆಗ ತೆರೆದೆ. ಅವರದೇ ಬೆಣ್ಣೆ ದನಿ ಸರಾಗವಾಗಿ ಬಂತು.

"ಬಾಯಿ ತೆಗೆದು ಕೇಳಿ ಡಾಕ್ಟ್ರೇ. ಸ್ವಲ್ಪಾನೂ ನೋಯಲ್ಲ."