ಯಾರೂ ಮಾತಾಡಿಸದ ಕವಿತೆಗಳ ಅಕ್ಕ

ಬೆಳಗಿನ ಐದು ಗಂಟೆಗೆ ಇನ್ನೂ ಐದು ನಿಮಿಷವಿದೆ. ಆಸ್ಪತ್ರೆಯ ಹಿಂಭಾಗದ ಇಳಿಜಾರು ಮುಗಿಯುವಲ್ಲಿ ಲಾಂಡ್ರಿಯ ಕಬ್ಬಿಣದ ಬಾಗಿಲು ತೆರೆದುಕೊಂಡಿದೆ. ಒಳಗೆ ಸೋಡಾ ಪುಡಿಯ ಘಾಟು, ಬಿಸಿನೀರಿನ ಹಬೆ. ಮೊಣಕೈವರೆಗೆ ರಬ್ಬರ್ ಕೈಗವಸು ತೊಟ್ಟ ಹೆಂಗಸೊಬ್ಬರು ಮೇಲಿನ ವಾರ್ಡುಗಳಿಂದ ಇಳಿದು ಬಂದ ಬೆಡ್‌ಶೀಟುಗಳನ್ನು ಒಂದೊಂದಾಗಿ ಕೊಡವುತ್ತಿದ್ದಾರೆ. ಕೊಡವದೆ ಮೆಷಿನ್ನಿಗೆ ಹಾಕುವಂತಿಲ್ಲ. ಮಡಿಕೆಯೊಳಗೆ ಏನಾದರೊಂದು ಸಿಕ್ಕಿಕೊಂಡಿರುತ್ತದೆ. ಚಮಚ, ಕನ್ನಡಕ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು.

"ಆ ಯಜಮಾನ್ರು ಮೂರನೇ ವಾರ್ಡಲ್ಲಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿದ್ರು ಪಾಪ. ಹಲ್ಲು ಕೊಟ್ಟ ಮೇಲೇ ನನಗೆ ಥ್ಯಾಂಕ್ಸ್ ಹೇಳಕ್ಕಾಗಿದ್ದು," ಎಂದು ನಗುತ್ತಾ ಅವರು ಮೊದಲ ಮೆಷಿನ್ನಿನ ಬಾಗಿಲು ಒತ್ತಿ ಮುಚ್ಚುತ್ತಾರೆ. ಗುಂಡಿ ಒತ್ತಿದ ಮೇಲೆ ಮೂವತ್ತೆಂಟು ನಿಮಿಷ ಮೆಷಿನ್ನಿನ ಪಾಲು. ಆ ಮೂವತ್ತೆಂಟು ನಿಮಿಷದಲ್ಲಿ ಅವರು ಮಾಡುವ ಕೆಲಸಕ್ಕೆ ಸಂಬಳವಿಲ್ಲ, ಹಾಜರಿಯಿಲ್ಲ, ಸೂಪರ್‌ವೈಸರೂ ಇಲ್ಲ. ಕೈಗವಸು ಕಳಚಿ, ಒಗೆದ ಟವೆಲಿಗೆ ಕೈ ಒರೆಸಿ, ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು, ಪ್ಲಾಸ್ಟಿಕ್ ಚೀಲದೊಳಗಿಂದ ಫೋನು ತೆಗೆಯುತ್ತಾರೆ. ಬೆರಳಿಟ್ಟರೆ ಆ ಫೋನು ತೆರೆಯುವುದಿಲ್ಲ. ನಲವತ್ತು ವರ್ಷದ ಸೋಡಾ ನೀರು ಬೆರಳ ತುದಿಯ ಗೆರೆಗಳನ್ನು ತಿಂದುಹಾಕಿದೆ. ನಾಲ್ಕು ಅಂಕಿ ಒತ್ತಿಯೇ ಒಳಗೆ ಹೋಗಬೇಕು.

ಒಳಗಿರುವುದು ಕವಿತೆ ಬರೆಯುವವರ ಒಂದು ಗ್ರೂಪು. ಹನ್ನೊಂದು ಸಾವಿರ ಜನ. ದಿನಕ್ಕೆ ಅರವತ್ತೋ ಎಪ್ಪತ್ತೋ ಹೊಸ ಕವಿತೆ. ಹೆಸರು ಮಾಡಿದವರ ಕವಿತೆಗೆ ಹತ್ತು ನಿಮಿಷದಲ್ಲಿ ನೂರು ಮೆಚ್ಚುಗೆ ಬೀಳುತ್ತದೆ. ಹೊಸಬರದು, ನಾಚಿಕೆಯವರದು, ಬೆಳಗಿನ ಜಾವ ಎದ್ದು ಬರೆದು ಬಿಟ್ಟವರದು ಹಾಗೇ ಕೆಳಕ್ಕೆ ಜಾರಿಹೋಗುತ್ತದೆ. ದಿನಕ್ಕೆ ಹನ್ನೆರಡು ಹದಿಮೂರು ಕವಿತೆಗಳ ಕೆಳಗೆ ಒಂದೇ ಒಂದು ಮಾತೂ ಇರುವುದಿಲ್ಲ. ಈ ಅಕ್ಕ ಹುಡುಕುವುದು ಅವನ್ನೇ. ಮೂರು ಲೋಡು ಬಟ್ಟೆ ಮುಗಿಯುವಷ್ಟರಲ್ಲಿ ಅಷ್ಟನ್ನೂ ಓದಿ, ಪ್ರತಿಯೊಂದಕ್ಕೂ ಒಂದೆರಡು ಸಾಲು ಬರೆಯುತ್ತಾರೆ. ಲಾಂಡ್ರಿಯವರು ಅವರಿಗೆ ಇಟ್ಟ ಹೆಸರು ಕವಿತಕ್ಕ. ಸಂಬಳದ ಚೀಟಿಯಲ್ಲಿರುವ ಹೆಸರು ಬೇರೆಯೇ, ಈಗ ಅದು ಕ್ಯಾಷಿಯರಿಗೆ ಮಾತ್ರ ಗೊತ್ತು.

ಆರು ವರ್ಷದಿಂದ ಇದು ನಡೆದಿದೆ. ಅವರ ಕಾಮೆಂಟುಗಳ ಸಂಖ್ಯೆ ಇಪ್ಪತ್ತು ಸಾವಿರ ದಾಟಿದೆ ಎನ್ನುತ್ತಾರೆ ಗ್ರೂಪಿನ ಅಡ್ಮಿನ್. ಅಕ್ಕನಿಗೆ ಆ ಲೆಕ್ಕದಲ್ಲಿ ಆಸಕ್ತಿಯಿಲ್ಲ. "ದಿನಕ್ಕೆ ಆರುನೂರು ಬೆಡ್‌ಶೀಟು, ಅಷ್ಟೇ ದಿಂಬಿನ ಕವರು. ಈ ಲೆಕ್ಕ ತಪ್ಪಿದ್ರೆ ನನಗೆ ಬೈಗುಳ. ಆ ಲೆಕ್ಕ ಯಾರಾದ್ರೂ ಇಟ್ಕೊಳ್ಳಲಿ ಬಿಡಿ."

ಬಟ್ಟೆಯ ನಂಟು ಅವರಿಗೆ ಅಮ್ಮನಿಂದ ಬಂದದ್ದು. ಅಪ್ಪ ತೀರಿಕೊಂಡಾಗ ಇವರು ಏಳನೇ ತರಗತಿ, ಹಿಂದೆ ಮೂವರು ತಂಗಿಯರು. ಅಮ್ಮ ಇದೇ ಲಾಂಡ್ರಿಯಲ್ಲಿ ಕೈಯಲ್ಲಿ ಒಗೆಯುತ್ತಿದ್ದ ಕಾಲ. ಶಾಲೆಯ ಚೀಲ ತಂಗಿಯ ಹೆಗಲಿಗೆ ಹೋಯಿತು, ಒದ್ದೆ ಬಟ್ಟೆಯ ಬುಟ್ಟಿ ಇವರ ಸೊಂಟಕ್ಕೆ ಬಂತು. ಓದುವ ಚಟ ಮಾತ್ರ ಬಿಡಲಿಲ್ಲ. ಸೋಡಾ ಡಬ್ಬದ ಮೇಲಿನ ಎಚ್ಚರಿಕೆಯಿಂದ ಹಿಡಿದು ರೋಗಿಗಳು ಬಿಟ್ಟುಹೋದ ವಾರಪತ್ರಿಕೆಯವರೆಗೆ ಕೈಗೆ ಸಿಕ್ಕದ್ದನ್ನೆಲ್ಲ ಓದಿದರು. ಇಪ್ಪತ್ತೆರಡಕ್ಕೆ ಮದುವೆ. ಗಂಡ ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಆಡುವುದು ಅತ್ತೆ. ಎಂಬತ್ತು ದಾಟಿದ ಅವರಿಗೆ ಕಣ್ಣು ಮಂಜು, ಕಿವಿ ಚುರುಕು. ಆಗ ನರ್ಸಿಂಗ್ ಓದುತ್ತಿದ್ದ ಮಗಳು ಹೊಸ ಫೋನು ಕೊಂಡಾಗ ಹಳೆಯದನ್ನು ಅಮ್ಮನಿಗೆ ಕೊಟ್ಟು, ಈ ಗ್ರೂಪಿಗೂ ಸೇರಿಸಿದಳು.

ಸೇರಿದ ವಾರದಲ್ಲೇ ಅಕ್ಕ ಒಂದು ಕವಿತೆ ಬರೆದರು. ಏಳು ಸಾಲು. ಒಣಗಿದ ಬೆಡ್‌ಶೀಟನ್ನು ಮಡಿಸಲು ಇಬ್ಬರು ಬೇಕು, ಎರಡೆರಡು ಮೂಲೆ ಹಿಡಿದು ದೂರ ನಿಂತವರು ಪ್ರತಿ ಮಡಿಕೆಗೂ ಹತ್ತಿರ ಬರುತ್ತಾರೆ ಎಂಬುದು ಅದರ ವಿಷಯ. ಒಂದು ದಿನ ಕಳೆಯಿತು, ಎರಡಾಯಿತು, ಮೂರಾಯಿತು. ಯಾರೂ ಉಸಿರೆತ್ತಲಿಲ್ಲ.

"ಯಾರದೋ ಮನೆಗೆ ಹೋಗಿ ಬಾಗಿಲಲ್ಲಿ ನಿಂತಿದೀನಿ, ಒಳಗೆ ಎಲ್ಲ ಮಾತಾಡ್ತಿದಾರೆ, ಬನ್ನಿ ಅನ್ನೋರಿಲ್ಲ, ಹಾಗಾಯ್ತು. ಬರೆದಿದ್ದೇ ತಪ್ಪೇನೋ ಅನ್ನಿಸ್ತು. ಅಳಿಸಿಬಿಡೋಣ ಅಂತ ನಾಲ್ಕನೇ ದಿನ ತೆಗೆದ್ರೆ ಕೆಳಗೆ ಒಂದು ಮಾತಿತ್ತು."

ಗುರುತಿಲ್ಲದ ಯಾರೋ ಬರೆದಿದ್ದರು, "ನಾಲ್ಕನೇ ಸಾಲಿನಲ್ಲಿ ಇಬ್ಬರೂ ನಡೆದು ಬರುವುದನ್ನು ಎರಡು ಸಲ ಓದಿದೆ" ಎಂದು. "ಎರಡು ಸಲ ಅಂದ್ರೆ! ಮನೇಲಿ ನಾನು ಹೇಳಿದ್ದನ್ನ ಒಂದ್ಸಲ ಕೇಳಿದ್ರೇ ಹೆಚ್ಚು," ಎನ್ನುವಾಗ ಅಕ್ಕನ ಮುಖ ಈಗಲೂ ಅರಳುತ್ತದೆ. ಆಮೇಲೆ ಅವರು ಕವಿತೆ ಬರೆಯಲಿಲ್ಲ. "ಬರೆಯೋರು ಹನ್ನೊಂದು ಸಾವಿರ ಜನ ಇದಾರೆ. ಬಾಗಿಲಲ್ಲಿ ನಿಂತೋರನ್ನ ಬನ್ನಿ ಅನ್ನೋಕೂ ಒಬ್ಬರು ಬೇಕಲ್ವಾ?"

ಅವರ ಕಾಮೆಂಟಿಗೆ ಒಂದು ಶಿಸ್ತಿದೆ. "ಸೂಪರ್" ಎನ್ನುವುದಿಲ್ಲ, ಹೂವಿನ ಚಿತ್ರ ಹಾಕುವುದಿಲ್ಲ. ಕವಿತೆಯಿಂದ ಒಂದು ಸಾಲನ್ನೋ ಒಂದು ಪದವನ್ನೋ ಎತ್ತಿಕೊಂಡು, ಅದು ತನಗೇನು ಮಾಡಿತು ಎಂದು ಹೇಳುತ್ತಾರೆ. ಸಿಟಿ ಬಸ್ಸಿನ ಕಂಡಕ್ಟರೊಬ್ಬರು ಮೊದಲ ಸಲ ಬರೆದ ಕವಿತೆಗೆ ಅಕ್ಕ ಹಾಕಿದ್ದು ಇಷ್ಟೇ: "ಕೊನೇ ಸ್ಟಾಪಲ್ಲಿ ಖಾಲಿ ಸೀಟುಗಳು ಇನ್ನೂ ಬೆಚ್ಚಗಿರುತ್ತವೆ ಅಂದಿದ್ದೀರಿ. ಇವತ್ತು ಬಸ್ಸಲ್ಲಿ ಕೂರುವಾಗ ಕೈಯಿಟ್ಟು ನೋಡಿದೆ. ನಿಜ." ಕಂಡಕ್ಟರು ಈಗ ಎರಡು ನೋಟ್‌ಬುಕ್ ತುಂಬಿಸಿದ್ದಾರೆ. "ಅವತ್ತು ಅಕ್ಕ ಬರೀದೇ ಇದ್ದಿದ್ರೆ ನಾನು ಎರಡನೇದು ಬರೀತಾನೇ ಇರ್ಲಿಲ್ಲ. ಮೊದಲನೇದಕ್ಕೆ ಯಾರೂ ಕೈಯೊಡ್ಡಲಿಲ್ಲ ಅಂದ್ರೆ ಎರಡನೇ ಟಿಕೆಟ್ ಯಾರು ಹರೀತಾರೆ?" ಎನ್ನುತ್ತಾರೆ ಅವರು.

ಒಳ್ಳೆಯದು ಏನೂ ಸಿಗದ ಕವಿತೆ ಬಂದರೆ?

"ಇನ್ನೊಂದ್ಸಲ ಓದ್ತೀನಿ. ಎಂಥಾ ಕಲೆ ಆಗಿರೋ ಶೀಟಲ್ಲೂ ಬಿಳಿ ಜಾಗಾನೇ ಜಾಸ್ತಿ ಇರುತ್ತೆ."

ಎಲ್ಲರಿಗೂ ಇದು ಹಿಡಿಸಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ, ಯಾವುದೋ ಹೊಸ ಹುಡುಗಿಯ ಕವಿತೆಯ ಕೆಳಗೆ ಅಕ್ಕ ಬರೆದ ಮಾತಿಗೆ ಗ್ರೂಪಿನ ಹಿರಿಯರೊಬ್ಬರು ಉತ್ತರ ಹಾಕಿದರು. ನಿವೃತ್ತ ಭಾಷಾ ಅಧ್ಯಾಪಕರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಒಂದು ಕಾಗುಣಿತ ತಪ್ಪಿದರೂ ಬಿಡದವರು. ಅವರು ಬರೆದದ್ದು ಹೀಗೆ: "ಕಸಕ್ಕೆ ಬೆಣ್ಣೆ ಹಚ್ಚಿದರೆ ಬೆಣ್ಣೆ ದಂಡ. ಓದಿಲ್ಲದವರ ಹೊಗಳಿಕೆಯಿಂದಲೇ ಈ ಗ್ರೂಪು ಹಾಳಾಗುತ್ತಿದೆ." ಮಧ್ಯಾಹ್ನದೊಳಗೆ ನಲವತ್ತಮೂರು ಜನ ಅದಕ್ಕೆ ಲೈಕ್ ಒತ್ತಿದ್ದರು.

"ಓದಿಲ್ಲದವರು ಅಂದಿದ್ದು ಸುಳ್ಳೇನಲ್ಲ. ಅದಕ್ಕೇ ಚುಚ್ಚಿದ್ದು," ಎನ್ನುತ್ತಾರೆ ಅಕ್ಕ. ಮರುದಿನ ಅವರು ಫೋನನ್ನು ಬೀರುವಿನಲ್ಲಿಟ್ಟು ಕೆಲಸಕ್ಕೆ ಹೋದರು. ಮೂವತ್ತೆಂಟು ನಿಮಿಷ ಮೆಷಿನ್ನಿನ ಗಾಜಿನೊಳಗೆ ಬಟ್ಟೆ ತಿರುಗುವುದನ್ನು ನೋಡುತ್ತಾ ಕೂತರು. ಹೀಗೆ ಹತ್ತೊಂಬತ್ತು ದಿನ. ಮನೆಯಲ್ಲಿ ಮೊದಲು ದನಿಯೆತ್ತಿದ್ದು ಅತ್ತೆ. ಸಂಜೆ ಸೊಸೆ ಓದಿ ಹೇಳುವ ಕವಿತೆಗಳಿಗೆ ಅವರು ಒಗ್ಗಿಹೋಗಿದ್ದರು. "ಏನೇ ಇದು, ವಾರದಿಂದ ಒಂದು ಪದ್ಯಾನೂ ಇಲ್ಲ? ಕವಿಗಳಿಗೆಲ್ಲ ಒಟ್ಟಿಗೇ ಹೊಟ್ಟೆ ತುಂಬ್ತಾ?"

ಇಪ್ಪತ್ತನೇ ದಿನ ಗ್ರೂಪಿನ ಅಡ್ಮಿನ್ ಫೋನು ಮಾಡಿದರು. ಔಷಧಿ ಅಂಗಡಿ ನಡೆಸುವ ಆಕೆ, ಗಿರಾಕಿಗಳ ನಡುವೆಯೇ ಮಾತಾಡಿದರು. "ಅಕ್ಕಾ, ನೀವೆಲ್ಲಿ ಅಂತ ಮೂವತ್ತೊಂದು ಜನ ನನ್ನ ಕೇಳಿದಾರೆ. ಒಬ್ಬರು ನಿಮಗೆ ಹುಷಾರಿಲ್ವಾ ಅಂತ ಹಣ್ಣು ಕಳಿಸೋಕೆ ವಿಳಾಸ ಕೇಳ್ತಿದಾರೆ. ಇನ್ನೊಂದು ವಿಷ್ಯ. ಈ ಇಪ್ಪತ್ತು ದಿನದಲ್ಲಿ ಹೊಸದಾಗಿ ಬರೆದು ಯಾರ ಮಾತೂ ಸಿಗದೇ ಹೋದೋರಲ್ಲಿ ಮೂರು ಜನ ಬಿಟ್ರೆ ಯಾರೂ ಮತ್ತೆ ಬರೆದಿಲ್ಲ. ನೀವಿದ್ದಾಗ ಅರ್ಧಕ್ಕರ್ಧ ಜನ ವಾಪಸ್ ಬರ್ತಿದ್ರು. ನಾನು ಕೂತು ಎಣಿಸಿದೀನಿ."

ನೋಡುತ್ತೇನೆ ಎಂದಷ್ಟೇ ಹೇಳಿ ಅಕ್ಕ ಫೋನಿಟ್ಟರು. ಮಾರನೇ ಬೆಳಿಗ್ಗೆ ಫೋನು ಮತ್ತೆ ಅವರ ಜೊತೆ ಲಾಂಡ್ರಿಗೆ ಬಂತು. ಮೊದಲ ಲೋಡು ಹಾಕಿ, ಮಾತು ಬೀಳದ ಕವಿತೆಗಳನ್ನು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಕಂಡದ್ದು ಮೇಷ್ಟ್ರ ಕವಿತೆ.

ಹಾಕಿ ಎರಡು ದಿನವಾಗಿತ್ತು. ಕೆಳಗೆ ಸೊನ್ನೆ. ಇಷ್ಟು ವರ್ಷ ಬೇರೆಯವರದನ್ನು ತಿದ್ದಿದ್ದೇ ಬಂತು, ಅವರು ತಮ್ಮದೆಂದು ಹಾಕಿದ್ದು ಅದೇ ಮೊದಲು. ಮೇಷ್ಟ್ರ ಹೆಂಡತಿ ಹಿಂದಿನ ತಿಂಗಳು ತೀರಿಕೊಂಡಿದ್ದರು, ಅವರ ಮೇಲೆ ಬರೆದದ್ದು. ಓದಿದವರು ನೂರಾರು. ಆದರೆ ಹೊಗಳಿದರೆ ಬೈಯುತ್ತಾರೋ, ತಪ್ಪು ಪದ ಬಳಸಿದರೆ ತಿದ್ದುತ್ತಾರೋ ಎಂಬ ಭಯಕ್ಕೆ ಯಾರೂ ಹತ್ತಿರ ಸುಳಿದಿರಲಿಲ್ಲ. ಸುಳ್ಳು ಹೇಳಬಾರದು, ಅಕ್ಕನಿಗೆ ಒಂದು ಗಳಿಗೆ ಖುಷಿಯಾಯಿತು. "ಅನುಭವಿಸಲಿ ಅಂದ್ಕೊಂಡೆ. ನಾನೇನು ದೇವತೆನಾ?" ಓದದೆಯೇ ಮುಂದೆ ಸರಿಸಿ, ಉಳಿದ ಹನ್ನೊಂದಕ್ಕೂ ಬರೆದರು.

ಸಂಜೆ ಅತ್ತೆಗೆ ಕವಿತೆ ಬೇಕಾಯಿತು. ಏನು ತೋಚಿತೋ, ಅಕ್ಕ ಮೇಷ್ಟ್ರದನ್ನೇ ಓದಿದರು. ಹದಿನಾಲ್ಕು ಸಾಲು. ಮೊದಲ ಹನ್ನೆರಡರಲ್ಲಿ ಕಠಿಣ ಪದಗಳ ಸಾಲು ಮೆರವಣಿಗೆ, ಅತ್ತೆ ಆಕಳಿಸಿದರು. ಹದಿಮೂರನೇ ಸಾಲು ಬಂದಾಗ ಅಕ್ಕನ ದನಿಯೇ ನಿಂತಿತು. ಹೆಂಡತಿಯ ಚಪ್ಪಲಿಯನ್ನು ಮೇಷ್ಟ್ರು ಈಗಲೂ ದಿನಾ ಬೆಳಿಗ್ಗೆ ಬಾಗಿಲ ಕಡೆ ಮುಖ ಮಾಡಿ ಇಡುತ್ತಾರಂತೆ, ಆಕೆ ಬಗ್ಗಿ ತಿರುಗಿಸಿಕೊಳ್ಳುವುದು ಬೇಡವೆಂದು. ಸೊಂಟನೋವಿತ್ತಂತೆ ಆಕೆಗೆ.

ಅತ್ತೆ ನೆಟ್ಟಗೆ ಕೂತರು. "ಇದನ್ನ ಬರೆದಿದ್ದು ಯಾರೇ?" ಎಂದರು.

"ನನ್ನ ಬೈದಿದ್ರಲ್ಲ, ಆ ಮೇಷ್ಟ್ರೇ."

"ಬೈದಿದ್ದು ಬೇರೆ. ಗಂಡಸು ಅಳ್ತಾ ಕೂತಿದಾನೆ ಕಣೇ. ಅದಕ್ಕೇನು ಬರೆದೆ?"

"ಏನೂ ಬರೆದಿಲ್ಲ."

"ಹಾಗಾದ್ರೆ ನೀನೂ ಮೇಷ್ಟ್ರೇ ಆದೆ ಬಿಡು."

ಮರುದಿನ ಬೆಳಿಗ್ಗೆ ಅಕ್ಕ ಬೇರೆ ಯಾವ ಕವಿತೆಯನ್ನೂ ತೆರೆಯಲಿಲ್ಲ. ಇಡೀ ಮೂವತ್ತೆಂಟು ನಿಮಿಷ ಅದೊಂದಕ್ಕೇ ಹೋಯಿತು. ನಾಲ್ಕು ಸಲ ಬರೆದು ಅಳಿಸಿದರು. ಬರೀ ಹೊಗಳಿದರೆ ಮೇಷ್ಟ್ರು ಹೇಳಿದ ಬೆಣ್ಣೆಯೇ ಆಗುತ್ತದೆ, ತಪ್ಪು ಮಾತ್ರ ಹೇಳಿದರೆ ಸೇಡಾಗುತ್ತದೆ. ಕೊನೆಗೆ ಕಳಿಸಿದ್ದು ಇದು: "ಮೇಷ್ಟ್ರೇ, ಮೊದಲ ಹನ್ನೆರಡು ಸಾಲಿಗೆ ಗಂಜಿ ಜಾಸ್ತಿಯಾಗಿದೆ. ಬಟ್ಟೆ ತಾನೇ ಎದ್ದು ನಿಂತಿದೆ, ಒಳಗೆ ಮನುಷ್ಯರಿಲ್ಲ. ಹದಿಮೂರನೇ ಸಾಲಿನಲ್ಲಿ ಅಮ್ಮನವರ ಚಪ್ಪಲಿ ತಿರುಗಿಸಿ ಇಟ್ಟಿದ್ದೀರಲ್ಲ, ಅಲ್ಲಿಂದ ಮುಂದೆ ನನಗೆ ಓದಲಾಗಲಿಲ್ಲ. ನಮ್ಮತ್ತೆಗೂ."

ಕಳಿಸಿದ ಮೇಲೆ ಒದ್ದೆ ಬಟ್ಟೆ ಹೊರಗೆಳೆದು ಡ್ರೈಯರಿಗೆ ತುಂಬುತ್ತಾ, ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡರು. ಉತ್ತರ ಬಂದದ್ದು ಸಂಜೆ ನಾಲ್ಕರ ಮೇಲೆ, ಗ್ರೂಪಿನ ಎಲ್ಲರಿಗೂ ಕಾಣುವಂತೆ. "ಹನ್ನೆರಡು ಸಾಲು ತೆಗೆದಿದ್ದೇನೆ. ಎರಡೇ ಉಳಿದಿವೆ, ಅಷ್ಟು ಸಾಕು. ನಿಮ್ಮನ್ನು ಓದಿಲ್ಲದವರು ಎಂದಿದ್ದೆ. ಇಲ್ಲಿ ಓದಿದವರು ನೀವೊಬ್ಬರೇ. ಕ್ಷಮೆಯಿರಲಿ." ಅದರ ಕೆಳಗೆ ಒಬ್ಬೊಬ್ಬರಾಗಿ ಜನ ಬಂದರು. ಮೊದಲು ಬಂದವರು ಕಂಡಕ್ಟರು. ರಾತ್ರಿಯೊಳಗೆ ಇನ್ನೂರು ಜನ ಮೇಷ್ಟ್ರ ಜೊತೆ ಕೂತಿದ್ದರು.

ಆಮೇಲೆ ಮೇಷ್ಟ್ರು ತಾವಾಗಿ ಅಕ್ಕನಿಗೆ ಒಂದು ಸಂದೇಶ ಕಳಿಸಿದರು: ಬೆಳಗಿನದು ನಿಮಗಿರಲಿ, ಮಧ್ಯಾಹ್ನದ ಸರದಿ ನನಗೆ ಕೊಡಿ. ಈಗ ಊಟವಾದ ಮೇಲೆ ಅವರೂ ಮಾತು ಬೀಳದ ಕವಿತೆಗಳನ್ನು ಹುಡುಕುತ್ತಾರೆ. ಕಾಗುಣಿತ ತಿದ್ದುವುದನ್ನು ಬಿಟ್ಟಿಲ್ಲ, ಆದರೆ ತಿದ್ದುವ ಮೊದಲು ಇಷ್ಟವಾದ ಸಾಲನ್ನು ಹೇಳುತ್ತಾರೆ. "ಹೋದವಾರ ಒಬ್ಬ ಹುಡುಗನಿಗೆ 'ಭೇಷ್' ಅಂದಿದಾರೆ. ಗ್ರೂಪಿನವರೆಲ್ಲ ಅದರ ಫೋಟೋ ತೆಗೆದಿಟ್ಕೊಂಡಿದಾರೆ," ಎಂದು ಅಕ್ಕ ನಗುತ್ತಾರೆ. ಅಡ್ಮಿನ್ ಕೂಡ ಒಂದು ನಿಯಮ ತಂದಿದ್ದಾರೆ. ತಮ್ಮ ಕವಿತೆ ಹಾಕುವ ಮುನ್ನ ಇನ್ನೊಬ್ಬರ ಒಂದು ಕವಿತೆಗೆ ಮಾತು ಬರೆಯಬೇಕು. ದಿನಕ್ಕೆ ಹದಿಮೂರಿದ್ದ ಅನಾಥ ಕವಿತೆಗಳು ಈಗ ನಾಲ್ಕೈದಕ್ಕೆ ಇಳಿದಿವೆ.

ಕಷ್ಟಗಳು ಎಲ್ಲಿಗೂ ಹೋಗಿಲ್ಲ. ಎಡಗೈ ತಲೆಯ ಮೇಲಕ್ಕೆ ಏಳುವುದಿಲ್ಲ, ಚಳಿಯಲ್ಲಿ ಬೆರಳ ಸಂದು ಬಿರಿದು ಟೈಪು ಮಾಡುವಾಗ ಉರಿಯುತ್ತದೆ. ನಿವೃತ್ತಿಗೆ ಇನ್ನು ಐದು ವರ್ಷ. ಮತ್ತೆ ಕವಿತೆ ಬರೆಯಿರಿ ಎಂದು ಕಂಡಕ್ಟರು ಒತ್ತಾಯಿಸುತ್ತಲೇ ಇರುತ್ತಾರೆ, ಅಕ್ಕ ನಕ್ಕು ಮುಂದಿನ ಕವಿತೆ ತೆರೆಯುತ್ತಾರೆ. ಅವರಿಗಿರುವ ಆಸೆ ಒಂದೇ. ಯಾವತ್ತಾದರೂ ಒಂದು ಬೆಳಿಗ್ಗೆ ಗ್ರೂಪು ತೆಗೆದರೆ ಮಾತು ಬೀಳದ ಕವಿತೆ ಒಂದೂ ಇರಬಾರದು.

ಅಂಥ ದಿನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅಕ್ಕ ಹಬ್ಬದ ರಜೆ ಸಿಕ್ಕವರ ಹಾಗೆ ಮುಖ ಮಾಡುತ್ತಾರೆ.

"ಅವತ್ತು ಕಾಲು ಚಾಚಿ ಕೂತು, ಏನೂ ಬರೀದೆ, ಎಲ್ಲಾನೂ ಸುಮ್ನೆ ಓದ್ತೀನಿ."