ಗಿಣಿಮೂತಿ ಕಾಯಿಯ ಮೇಲೊಂದು ಗೆರೆ

ಕುರುಡುಮಲೆಯ ಗಣಪತಿಯ ಎದುರು ಕೈಮುಗಿದು ನಿಂತಿದ್ದೆ. ಅರ್ಚಕರು ಮಂಗಳಾರತಿ ತಟ್ಟೆಯನ್ನು ನನ್ನ ಮುಂದೆ ಹಿಡಿದು, "ನಿಮ್ಮ ಪುಸ್ತಕದಲ್ಲಿ ನಮ್ಮ ಸ್ವಾಮೀದು ಎಷ್ಟು ಪುಟ ಬರುತ್ತಮ್ಮಾ?" ಎಂದು ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಅಮ್ಮನೇ ಉತ್ತರ ಕೊಟ್ಟಳು.

"ಇನ್ನೂ ಬರೀತಾ ಅವಳೆ ಸ್ವಾಮಿ. ವಕ್ರತುಂಡನ ಮೇಲೆ ಪಿಎಚ್‌ಡಿ ಅಂದ್ರೆ ಸುಮ್ನೇನಾ?"

ನನ್ನದು ಗಣಿತ. ಮುಳಬಾಗಿಲಿನಲ್ಲಿ ಮನೆ, ಕೋಲಾರದ ಕಾಲೇಜೊಂದರಲ್ಲಿ ಪಾಠ, ನಡುವೆ ದಿನವೂ ಬಸ್ಸು. ಉಳಿದ ಹೊತ್ತಿನಲ್ಲಿ ಅವಕಲ ಜ್ಯಾಮಿತಿಯ ಸಂಶೋಧನೆ. ಬಾಗಿದ ಮೇಲ್ಮೈಗಳು ಎಲ್ಲಿ, ಹೇಗೆ, ಎಷ್ಟು ಬಾಗುತ್ತವೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಆ ಬಾಗುವಿಕೆಗೆ ನಾವು ಇಟ್ಟುಕೊಂಡ ಹೆಸರು ವಕ್ರತೆ. ಯಾವಾಗಲೋ ಅಮ್ಮ ಫೋನಿನಲ್ಲಿ "ಯಾತರ ಮೇಲೆ ಓದ್ತಾ ಇದೀಯ?" ಎಂದಾಗ, ಬಸ್ಸಿನ ಗದ್ದಲದ ನಡುವೆ ನಾನು ಆ ಒಂದೇ ಪದ ಹೇಳಿ ಫೋನ್ ಇಟ್ಟಿರಬೇಕು. ಕುರುಡುಮಲೆಯ ಸುತ್ತಮುತ್ತಲಿನವರ ಕಿವಿಗೆ 'ವಕ್ರ' ಎಂದು ಬಿದ್ದರೆ ಸಾಕು, 'ತುಂಡ' ತಾನಾಗಿ ಬಂದು ಸೇರಿಕೊಳ್ಳುತ್ತದೆ. ಅಮ್ಮ ಆ ಸುದ್ದಿಯನ್ನು ತಾನಿರುವ ನಮ್ಮೂರು ಬೈರಕೂರಿನ ಮನೆಮನೆಗೂ ಮುಟ್ಟಿಸಿದ್ದಳು. ಸಾಲದ್ದಕ್ಕೆ ಹರಕೆಯನ್ನೂ ಹೊತ್ತಿದ್ದಳು. ಮಗಳ ಪುಸ್ತಕ ಮುಗಿದರೆ ಸ್ವಾಮಿಗೆ ಬೆಣ್ಣೆ ಅಲಂಕಾರ.

ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಅವತ್ತು ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಸಂಶೋಧನೆ ಬಿಟ್ಟುಬಿಡುತ್ತೇನೆ ಎಂದು ಅಮ್ಮನಿಗೆ ಹೇಳುವುದಕ್ಕೇ ನಾನು ಊರಿಗೆ ಬಂದಿದ್ದೆ.

ಕಾರಣ ಒಂದು ಅಧ್ಯಾಯ. ವಿಶ್ವವಿದ್ಯಾಲಯ ನನಗೆ ಕೊನೆಯ ಬಾರಿಗೆ ಅವಧಿ ವಿಸ್ತರಿಸಿತ್ತು. ಅದು ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಆ ವೇಳೆಗೆ ಸರಿಯಾಗಿ ನನ್ನ ಮುಖ್ಯ ಪ್ರಮೇಯದ ಸಾಧನೆ ಬಿದ್ದುಹೋಗಿತ್ತು. ನಮ್ಮ ಗೈಡ್ ಮಿತಭಾಷಿ. ಅವರು ಫೋನ್ ಮಾಡಿ, "ಮೇಡಂ, ನೀವು ವಕ್ರತೆಯಿಂದ ಭಾಗಿಸಿದ್ದೀರಿ. ಅದು ಸೊನ್ನೆಯಾಗುವ ಕಡೆ ಏನು ಮಾಡ್ತೀರಿ?" ಎಂದಷ್ಟೇ ಕೇಳಿದ್ದರು. ಸೊನ್ನೆಯಿಂದ ಭಾಗಿಸಬಾರದು ಎಂದು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಆಮೇಲೆ ಎಷ್ಟು ತಿಣುಕಾಡಿದರೂ ಆ ತೂತು ಮುಚ್ಚಲಿಲ್ಲ. ಮೇಲ್ಮೈಯನ್ನು ಎರಡು ಭಾಗ ಮಾಡಿಕೊಂಡು ಎರಡೂ ಕಡೆ ಸಾಧಿಸುತ್ತಿದ್ದೆ. ನಡುವಿನ ಗಡಿಯ ಹತ್ತಿರ ಬಂದಾಗಲೆಲ್ಲ ಸಮೀಕರಣದಲ್ಲಿ ಒಂದಿಷ್ಟು ಹಾಳು ಪದಗಳು ಉಳಿದುಕೊಂಡು ಲೆಕ್ಕವನ್ನೆಲ್ಲ ಕೆಡಿಸುತ್ತಿದ್ದವು.

ಬೈರಕೂರಿಗೆ ಹಿಂತಿರುಗುವಾಗ ಆಟೋದಲ್ಲೇ ಎರಡೂ ವಿಷಯ ಹೇಳಿಬಿಟ್ಟೆ. ನಾನು ಓದುತ್ತಿರುವುದು ಗಣಪತಿಯ ಮೇಲಲ್ಲ, ಇನ್ನು ಮುಂದೆ ಓದುವುದೂ ಇಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನೋಡುತ್ತಾ ಕೂತಳು.

ಮನೆಗೆ ಬಂದ ಮೇಲೆ ಈಳಿಗೆ ಮಣೆ ಎಳೆದುಕೊಂಡು, ತೋಟದಿಂದ ತಂದಿದ್ದ ಗಿಣಿಮೂತಿ ಮಾವಿನಕಾಯಿಗಳನ್ನು ಮುಂದಿಟ್ಟುಕೊಂಡಳು. ಪೇಟೆಯಲ್ಲಿ ತೋತಾಪುರಿ ಎನ್ನುವುದು ಇದನ್ನೇ. ಉಪ್ಪು ಖಾರ ಹಚ್ಚಿ ತಿನ್ನಲು ಇದರಂಥ ಕಾಯಿ ಬೇರೆ ಇಲ್ಲ. ಒಂದನ್ನು ಕೈಗೆತ್ತಿಕೊಂಡವಳು ಹಾಗೇ ನಿಲ್ಲಿಸಿದಳು.

"ಹಂಗಾದ್ರೆ ಇಷ್ಟು ವರ್ಷ ನೀನು ಕಣ್ಣು ಹಾಳು ಮಾಡ್ಕೊಂಡಿದ್ದು ಯಾತರ ಮೇಲೆ? ಅದನ್ನ ಹೇಳು ಮೊದ್ಲು. ಬಿಡೋದಾದ್ರೆ ಆಮೇಲೆ ಬಿಡು."

"ಹೇಳಿದ್ರೆ ನಿಂಗೆ ಅರ್ಥ ಆಗಲ್ಲಮ್ಮ."

"ನಂಗೆ ಬುದ್ಧಿ ಇಲ್ಲ ಅಂತೀಯಾ, ನಿಂಗೆ ಹೇಳೋಕೆ ಬರಲ್ಲ ಅಂತೀಯಾ?"

ಮಾತು ಚುಚ್ಚಿತು. ಅವಳ ಕೈಯಿಂದ ಕಾಯಿ ಕಿತ್ತುಕೊಂಡೆ. "ಈ ಹೊಟ್ಟೆ ಮುಟ್ಟಿ ನೋಡು. ಉದ್ದಕ್ಕೆ ಸವರಿದ್ರೂ ಉಬ್ಬು, ಅಡ್ಡಕ್ಕೆ ಸವರಿದ್ರೂ ಉಬ್ಬು. ಈಗ ಮೂತಿ ಹತ್ರ ಒಳಕ್ಕೆ ತಿರುಗುತ್ತಲ್ಲ, ಅಲ್ಲಿ ಮುಟ್ಟು. ಅಡ್ಡಕ್ಕೆ ಸವರಿದ್ರೆ ಉಬ್ಬು, ಉದ್ದಕ್ಕೆ ಸವರಿದ್ರೆ ತಗ್ಗು."

ಅಮ್ಮ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದಳು. "ಅಂದ್ರೆ ವಂಕರಟಿಂಕರ."

ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದುಂಟು. ಸೊಟ್ಟಪಟ್ಟ ಎನ್ನುವುದಕ್ಕೆ ನಮಗೆ ಬಾಯಿಗೆ ಬರುವುದು ವಂಕರಟಿಂಕರವೇ. "ಹೂಂ, ಅದೇ. ಎಲ್ಲೆಲ್ಲಿ ಎಷ್ಟೆಷ್ಟು ವಂಕರ ಅಂತ ಲೆಕ್ಕ ಹಾಕೋದೇ ನನ್ನ ಕೆಲಸ."

"ಹಂಗೆ ಹೇಳೋಕೇನಾಗಿತ್ತು ನಿಂಗೆ? ವಕ್ರತೆ ಗಿಕ್ರತೆ ಅಂದು ಆ ಸ್ವಾಮಿ ಮುಂದೆ ನನ್ನ ಮಾನ ಕಳೆದ್ಯಲ್ಲೇ."

ನಗು ಬಂತು. ನಗುತ್ತಲೇ, ಯಾಕೆ ಬಿಡುತ್ತಿದ್ದೇನೆ ಎನ್ನುವುದನ್ನೂ ಹೇಳಿ ಮುಗಿಸೋಣ ಎಂದು ಬ್ಯಾಗಿನಿಂದ ಪೆನ್ನು ತೆಗೆದೆ. ಉಬ್ಬು ಮುಗಿದು ವಂಕರ ಶುರುವಾಗುವ ಜಾಗಕ್ಕೆ ಪೆನ್ನು ಇಟ್ಟೆ. "ನಾನು ಎಡವಿದ್ದು ಇಲ್ಲಮ್ಮ. ಈ ಗಡಿ ಮೇಲೆ. ಇಲ್ಲಿ ವಕ್ರತೆ ಸೊನ್ನೆ." ಬೆರಳಿನಿಂದ ತಡವುತ್ತಾ, ಅಂದಾಜಿನ ಮೇಲೆ ಆ ಗಡಿಯುದ್ದಕ್ಕೂ ಗೆರೆ ಎಳೆಯುತ್ತಾ ಹೋದೆ. ಗೆರೆ ಮೂತಿಯ ಕೆಳಗಿನ ತಗ್ಗನ್ನು ಬಳಸಿಕೊಂಡು, ಹೊರಟ ಜಾಗಕ್ಕೇ ಬಂದು ಕೂಡಿಕೊಂಡಿತು.

ನನ್ನ ಕೈ ಅಲ್ಲೇ ನಿಂತಿತು. ಅಂಥ ಗೆರೆ ಬಂದು ಕೂಡಿಕೊಳ್ಳುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅದನ್ನು ಉಪಯೋಗಿಸಿಕೊಂಡಿರಲಿಲ್ಲ. ಆ ಗೆರೆಗೆ ಹೆದರಿ, ಎರಡೂ ಕಡೆಯಿಂದ ಹತ್ತಿರ ಹೋಗಿ ಹೋಗಿ ವಾಪಸು ಬರುತ್ತಿದ್ದೆನೇ ಹೊರತು, ಗೆರೆಯ ಮೇಲೇ ಒಂದು ಸುತ್ತು ನಡೆದಿರಲಿಲ್ಲ. ತುದಿ ಮೊದಲು ಇಲ್ಲದ ಗೆರೆಯ ಮೇಲೆ ಪೂರ್ತಿ ಸುತ್ತಿ ಬಂದರೆ, ನನ್ನನ್ನು ಕಾಡುತ್ತಿದ್ದ ಆ ಪದಗಳೆಲ್ಲ ಕೂಡಿ ಸೊನ್ನೆಯಾಗಬೇಕು. ಹಾಗಾದರೆ ಭಾಗಿಸುವ ಅಗತ್ಯವೇ ಬೀಳುವುದಿಲ್ಲ.

"ಏನಾಯ್ತೇ?" ಎಂದಳು ಅಮ್ಮ.

"ಈ ಕಾಯಿ ಹೆಚ್ಚಬೇಡ," ಎಂದೆ.

ಅಮ್ಮ ಮಿಕ್ಕ ಕಾಯಿಗಳನ್ನು ಹೆಚ್ಚಿದಳು. ನಾನು ಒಂದು ಕೈಯಲ್ಲಿ ಹೋಳು ತಿನ್ನುತ್ತಾ ಇನ್ನೊಂದು ಕೈಯಲ್ಲಿ ಬರೆಯುತ್ತಾ ಕೂತೆ. ಹಾಳೆಗಳಿಗೆಲ್ಲ ಖಾರದ ಪುಡಿ ಮೆತ್ತಿಕೊಂಡಿತು. ಆಮೇಲಿನ ವಾರಗಳಲ್ಲಿ ಬಸ್ಸಿನಲ್ಲೂ ಸ್ಟಾಫ್ ರೂಮಿನಲ್ಲೂ ಅದನ್ನೇ ತಿದ್ದಿದೆ. ಒಂದು ಕಡೆ ಚಿಹ್ನೆ ತಪ್ಪಿ ಮತ್ತೆ ಕೈಚೆಲ್ಲಿ ಕೂತಿದ್ದೂ ಉಂಟು. ಗೆರೆ ಎಳೆದ ಕಾಯಿ ಮೇಜಿನ ಮೇಲೇ ಹಣ್ಣಾಗಿ ಸುಕ್ಕುಗಟ್ಟಿ, ಕೊನೆಗೆ ವಾಸನೆ ಬಂದಾಗ ಬೇಸರದಿಂದಲೇ ಎಸೆದೆ. ಅಷ್ಟು ಹೊತ್ತಿಗೆ ಅಧ್ಯಾಯ ಗೈಡ್ ಕೈ ಸೇರಿತ್ತು. ಓದಿದವರು ಮತ್ತೆ ಫೋನ್ ಮಾಡಿದರು. "ತೂತು ಕಾಣಿಸ್ತಿಲ್ಲ ಮೇಡಂ. ಒಪ್ಪಿಸಿಬಿಡಿ."

ಅವಧಿ ಮುಗಿಯುವ ಮೊದಲೇ ಒಪ್ಪಿಸಿದೆ. ಮೌಖಿಕ ಪರೀಕ್ಷೆ ಇನ್ನೂ ಬಾಕಿ ಇದೆ. ಅಲ್ಲಿ ಏನೇನು ಕೇಳುತ್ತಾರೋ ಗೊತ್ತಿಲ್ಲ. ಆದರೂ ಈಗ ಬಸ್ಸಿನಲ್ಲಿ ಕೂತರೆ ಮುಂದಿನ ಸಮಸ್ಯೆ ತಲೆಯಲ್ಲಿ ಓಡುತ್ತಿರುತ್ತದೆ, ಅಷ್ಟು ಸಂತೋಷ ಸಾಕು ಎನಿಸುತ್ತದೆ.

ಅಮ್ಮ ಮಾತ್ರ ಹರಕೆ ತೀರಿಸಲು ಪರೀಕ್ಷೆಯವರೆಗೂ ಕಾಯಲು ಒಪ್ಪಲಿಲ್ಲ. ಪುಸ್ತಕ ಮುಗಿದರೆ ಎಂದು ತಾನೇ ಹೇಳಿಕೊಂಡಿದ್ದು, ಮುಗಿಯಿತಲ್ಲ ಎಂದಳು. ಬೆಣ್ಣೆ ಬಳಿದುಕೊಂಡು ಬೆಳ್ಳಗೆ ಕೂತಿದ್ದ ಅಷ್ಟೆತ್ತರದ ಗಣಪತಿಯ ಮುಂದೆ ಅರ್ಚಕರು ನನ್ನನ್ನು ಗುರುತು ಹಿಡಿದು, "ಮುಗೀತಾ ತಾಯಿ, ವಕ್ರತುಂಡನ ಪುಸ್ತಕ?" ಎಂದರು. ನಾನು ತಡವರಿಸುತ್ತಿದ್ದಂತೆ ಅಮ್ಮ ಆರತಿಗೆ ಕೈಚಾಚಿ ಕಣ್ಣಿಗೊತ್ತಿಕೊಂಡಳು.

"ಮುಗೀತು ಸ್ವಾಮಿ. ತುಂಡ ಇಲ್ಲ, ಬರೀ ವಕ್ರ."